ಅಟ್ಟದ ಗಣಕದಲ್ಲಿ ಅಜ್ಜನ ಪ್ರಸಂಗ

ಚಾರ್ಮಾಡಿಯಲ್ಲಿ ಮಳೆಗಾಲವೆಂದರೆ ಬಟ್ಟೆ ಒಣಗದ ನಾಲ್ಕು ತಿಂಗಳು. ಘಾಟಿಯ ಬುಡದ ಈ ಊರಿನಲ್ಲಿ ಪುಸ್ತಕದ ರಟ್ಟಿಗೆ ಬೂಸ್ಟು ಹಿಡಿಯುತ್ತದೆ, ಕಬ್ಬಿಣದ ಟ್ರಂಕಿಗೆ ತುಕ್ಕು ಹತ್ತುತ್ತದೆ. ಕರೆಂಟು ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆ ಎಂದು ಲೆಕ್ಕ ಇಡುವವರಿಲ್ಲ. ಮಳೆಗೆ ಮೊದಲು ಮೇ ತಿಂಗಳಲ್ಲಿ, ಮಳೆಯ ನಂತರ ಅಕ್ಟೋಬರಿನಲ್ಲಿ ಗುಡುಗು ಸಿಡಿಲಿನ ಕಾಟ ಬೇರೆ. ಇಂಥ ಕಡೆ ಇಪ್ಪತ್ತು ವರ್ಷ ಅಟ್ಟದಲ್ಲಿ ಕುಳಿತ ಕಂಪ್ಯೂಟರಿನೊಳಗೆ ಏನಾದರೂ ಉಳಿದಿರಬಹುದೆ?

ಒಂದು ಮನೆ ಎಂದಿಟ್ಟುಕೊಳ್ಳೋಣ. ಕಕ್ಕಿಂಜೆ ಪೇಟೆಯಿಂದ ಒಳಗೆ ಹೋದರೆ ಅಡಿಕೆ ತೋಟದ ನಡುವೆ ಸಿಗುವ ಯಾವುದೋ ಒಂದು ಮನೆ. ಅಜ್ಜ ಶಾಲಾ ಮಾಸ್ತರರಾಗಿ ನಿವೃತ್ತರಾದವರು, ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. 2002ರಲ್ಲಿ ಮಗನಿಂದ ಕಂಪ್ಯೂಟರ್ ತರಿಸಿಕೊಂಡು, ಎರಡೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ, ತಾವು ಬರೆದ ಎರಡು ಯಕ್ಷಗಾನ ಪ್ರಸಂಗ, ಊರಿನ ದೈವಸ್ಥಾನದ ಕಟ್ಟುಕಟ್ಟಳೆ, ಮನೆತನದ ವಂಶಾವಳಿ ಎಲ್ಲವನ್ನೂ ಅದರೊಳಗೆ ತುಂಬಿದರು. ಕೈಬರಹದ ಪುಸ್ತಕಗಳಿದ್ದ ಪೆಟ್ಟಿಗೆ 2019ರ ಆಗಸ್ಟಿನ ನೆರೆಯಲ್ಲಿ ಹೋಯಿತು. ಆ ವಾರ ಘಾಟಿಯ ರಸ್ತೆ ಅಲ್ಲಲ್ಲಿ ಕುಸಿದದ್ದು, ಮೃತ್ಯುಂಜಯ ಹೊಳೆ ಉಕ್ಕಿ ತೋಟಗಳಿಗೆ ಮರಳು ಮತ್ತು ಮರದ ದಿಮ್ಮಿಗಳನ್ನು ತುಂಬಿದ್ದು ಓದುಗರಿಗೆ ನೆನಪಿರಬಹುದು. ಅಜ್ಜ ಈಗ ಇಲ್ಲ. ಉಳಿದದ್ದು ಹಳೆಯ ಪಂಚೆ ಹೊದ್ದು ಅಟ್ಟದ ಮೇಲೆ ಕುಳಿತ ಆ ಡಬ್ಬಿ ಮಾತ್ರ.

ಊರಿನ ಸಂಘದವರು ಆ ಪ್ರಸಂಗ ಆಡಬೇಕೆಂದು ಕೇಳುತ್ತಾರೆ. ಮೊಮ್ಮಗಳು ಡಬ್ಬಿಯನ್ನು ಕೆಳಗಿಳಿಸಿ, ಧೂಳು ಒರೆಸಿ, ಸ್ವಿಚ್ಚು ಹಾಕುತ್ತಾಳೆ. ಪಂಖ ತಿರುಗುತ್ತದೆ, ಕಪ್ಪು ಪರದೆಯ ಮೇಲೆ ಎರಡು ಸಾಲು ಬಿಳಿ ಅಕ್ಷರ ಮೂಡುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಪೇಟೆಯ ಅಂಗಡಿಗೆ ಕೊಂಡುಹೋದರೆ ಸಿಗುವ ಉತ್ತರ ಬಹುತೇಕ ಒಂದೇ: 'ಹಾರ್ಡ್ ಡಿಸ್ಕ್ ಹೋಗಿದೆ ಮಾರಾಯ್ರೆ. ಇದ್ದರೂ ಫಾರ್ಮ್ಯಾಟ್ ಹೊಡೆಯಬೇಕು. ಹೊಸದು ಹಾಕುವ.'

ಈ 'ಹೋಗಿದೆ' ಎಂಬ ಮಾತಿನಲ್ಲಿ ಮೂರು ನಾಲ್ಕು ಬೇರೆ ಬೇರೆ ಕಾಯಿಲೆಗಳು ಒಟ್ಟಿಗೆ ಕಲಸಿಹೋಗಿವೆ. ಜ್ವರ ಎಂದ ಮಾತ್ರಕ್ಕೆ ಮಲೇರಿಯವೋ ಇಲಿಜ್ವರವೋ ಗೊತ್ತಾಗುವುದಿಲ್ಲವಷ್ಟೆ. ಇಲ್ಲಿಯೂ ಹಾಗೆಯೇ. ಕಾಯಿಲೆ ಯಾವುದೆಂದು ತಿಳಿಯದೆ ಮದ್ದು ಕೊಟ್ಟದ್ದರಿಂದ ಹೋದ ಕಡತಗಳೂ ಕಡಿಮೆಯಲ್ಲ.

ಗಂಟೆಗೆ ನೂರು ಕಿಲೋಮೀಟರ್

ಮೊದಲು ಡಬ್ಬಿಯೊಳಗಿನ ಡಬ್ಬಿಯನ್ನು ನೋಡೋಣ. ಹಾರ್ಡ್ ಡಿಸ್ಕ್ ಎಂಬುದು 1956ರಲ್ಲಿ ಐಬಿಎಂ ಕಂಪೆನಿ ಹೊರತಂದ ಉಪಾಯ. ಆಗಿನದು ಒಂದು ಟನ್ನಿನಷ್ಟು ಭಾರದ ಯಂತ್ರ. ಎರಡಡಿ ಅಗಲದ 50 ತಟ್ಟೆಗಳು ಒಂದರ ಮೇಲೊಂದು, ಅಷ್ಟಕ್ಕೂ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಅಜ್ಜನ ಕಂಪ್ಯೂಟರಿನಲ್ಲಿರುವುದು ಅಂಗೈಯಗಲದ ಪೆಟ್ಟಿಗೆ, 40 ಗಿಗಾಬೈಟಿನದು ಎಂದಿಟ್ಟುಕೊಳ್ಳಿ. ತತ್ವ ಮಾತ್ರ ಅದೇ: ತಿರುಗುವ ತಟ್ಟೆ, ಅದರ ಮೇಲೆ ಕಾಂತೀಯ ಲೇಪ, ಆ ಲೇಪದಲ್ಲಿ ಉತ್ತರ ದಕ್ಷಿಣವೆಂದು ಮುಖ ಮಾಡಿ ನಿಂತ ಕಣಗಳ ಗುಂಪು, ಅವನ್ನು ಓದುವ ಒಂದು ತಲೆ.

ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90. ತಟ್ಟೆಯ ವ್ಯಾಸ 95 ಮಿಲಿಮೀಟರ್. ಎಂಟನೆಯ ತರಗತಿಯ ಹುಡುಗನೂ ಲೆಕ್ಕ ಹಾಕಬಹುದು: ಅಂಚಿನ ವೇಗ ಸೆಕೆಂಡಿಗೆ ಸುಮಾರು 27 ಮೀಟರ್, ಗಂಟೆಗೆ ನೂರು ಕಿಲೋಮೀಟರಿಗೆ ಹತ್ತಿರ. ಚಾರ್ಮಾಡಿ ಘಾಟಿಯಲ್ಲಿ ಯಾವ ಬಸ್ಸೂ ಓಡದ ವೇಗ. ಈ ವೇಗದಲ್ಲಿ ತಟ್ಟೆಯ ಜೊತೆಗೆ ಗಾಳಿಯೂ ಸುತ್ತಿ, ಓದುವ ತಲೆಯನ್ನು ಎತ್ತಿ ಹಿಡಿಯುತ್ತದೆ. ತಲೆಗೂ ತಟ್ಟೆಗೂ ನಡುವಿನ ಅಂತರ ನ್ಯಾನೋಮೀಟರುಗಳಲ್ಲಿ ಅಳೆಯುವಂಥದ್ದು, ಒಂದು ಕೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು. ಬೀಡಿಯ ಹೊಗೆಯ ಕಣ ಕೂಡ ಅಲ್ಲಿ ಬಂಡೆಗಲ್ಲು. ಆದ್ದರಿಂದಲೇ ಈ ಪೆಟ್ಟಿಗೆಯನ್ನು 'ಒಮ್ಮೆ ಬಿಚ್ಚಿ ನೋಡುವ' ಎಂದು ಮನೆಯ ಜಗಲಿಯಲ್ಲಿ ಕುಳಿತು ಬಿಚ್ಚಬಾರದು. ಬಿಚ್ಚುವುದಕ್ಕೆ ಧೂಳಿಲ್ಲದ ವಿಶೇಷ ಕೋಣೆಯೇ ಬೇಕು.

ಆದರೆ ಬಿಚ್ಚುವ ಪ್ರಸಂಗವೇ ಬಾರದಿರಬಹುದು. ಇಪ್ಪತ್ತು ವರ್ಷದ ಕಂಪ್ಯೂಟರಿನಲ್ಲಿ ಮೊದಲು ಸಾಯುವುದು ಹಾರ್ಡ್ ಡಿಸ್ಕ್ ಆಗಿರಬೇಕೆಂದಿಲ್ಲ. ಮುಖ್ಯ ಫಲಕದ ಮೇಲೆ ನಾಲ್ಕಾಣೆ ನಾಣ್ಯದಂಥ ಒಂದು ಲಿಥಿಯಂ ಬಿಲ್ಲೆ ಇರುತ್ತದೆ. ಗಡಿಯಾರವನ್ನು ನಡೆಸುವುದು, ಯಂತ್ರಕ್ಕೆ ಯಾವ ಡಿಸ್ಕ್ ಜೋಡಿಸಿದೆ ಎಂಬ ಹೊಂದಿಕೆಗಳನ್ನು ನೆನಪಿಡುವುದು ಅದರ ಕೆಲಸ. ಅದು ಸತ್ತರೆ ಯಂತ್ರಕ್ಕೆ ತನ್ನೊಳಗಿನ ಡಿಸ್ಕಿನ ಗುರುತೇ ಸಿಗದೆ ಹೋಗಬಹುದು. ಮತ್ತೆ ವಿದ್ಯುತ್ ಪೂರೈಸುವ ಪೆಟ್ಟಿಗೆ. ಆ ಕಾಲದ ಕಂಪ್ಯೂಟರುಗಳ ಕೆಪಾಸಿಟರುಗಳು ತಲೆ ಉಬ್ಬಿ ಸೋರುವುದು ಲೋಕಪ್ರಸಿದ್ಧ ದೋಷ. ಚಪ್ಪಟೆ ಪಟ್ಟಿಯಂಥ ಕೇಬಲ್ಲಿನ ನಲವತ್ತು ಕಡ್ಡಿಗಳಲ್ಲಿ ಒಂದಕ್ಕೆ ಕಿಲುಬು ಹಿಡಿದರೂ ಸಾಕು. ಇದೊಂದೂ ಡಿಸ್ಕಿನ ಕಾಯಿಲೆಯಲ್ಲ. ಡಿಸ್ಕನ್ನು ಹೊರತೆಗೆದು, ಹಳೆಯ ಕೇಬಲ್ಲನ್ನು ಯುಎಸ್‌ಬಿಗೆ ಹೊಂದಿಸುವ ಒಂದು ಸಣ್ಣ ಸಾಧನದ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ, ಎಷ್ಟೋ ಸಲ ಅದು ಏನೂ ಆಗದವರಂತೆ ಮಾತಾಡತೊಡಗುತ್ತದೆ. ಒಂದು ಎಚ್ಚರ: ಈ ದೊಡ್ಡ ಡಿಸ್ಕಿಗೆ ಯುಎಸ್‌ಬಿಯ 5 ವೋಲ್ಟ್ ಸಾಲದು, 12 ವೋಲ್ಟಿನ ಪ್ರತ್ಯೇಕ ವಿದ್ಯುತ್ತೂ ಬೇಕು. ಅದಿಲ್ಲದ ಅಗ್ಗದ ಸಾಧನ ತಂದು 'ಡಿಸ್ಕ್ ತಿರುಗುವುದಿಲ್ಲ' ಎಂದು ಕೈಬಿಟ್ಟವರಿದ್ದಾರೆ.

ಸ್ವಿಚ್ಚು ಹಾಕಿದಾಗ ಕಿವಿ ಕೊಡಬೇಕು. ಸಣ್ಣಗೆ ಗುಂಯ್‌ಗುಟ್ಟಿ ವೇಗ ಹಿಡಿದರೆ ಒಳ್ಳೆಯದು. ಗೋಡೆಯ ಹಲ್ಲಿಯಂತೆ ಟಕ್ ಟಕ್ ಎಂದು ಒಂದೇ ಸಮನೆ ಲೊಚಗುಟ್ಟಿದರೆ, ಓದುವ ತಲೆಗೆ ತನ್ನ ಸ್ಥಾನ ಸಿಗುತ್ತಿಲ್ಲವೆಂದು ಅರ್ಥ. ಕೂಡಲೇ ಆರಿಸಬೇಕು. ಇನ್ನೊಮ್ಮೆ, ಮತ್ತೊಮ್ಮೆ ಎಂದು ಪ್ರಯತ್ನಿಸಿದಷ್ಟೂ ತಲೆ ತಟ್ಟೆಯನ್ನು ಕೆರೆಯುತ್ತದೆ. ಕೆರೆದುಹೋದ ಲೇಪದ ಪುಡಿಯಿಂದ ಅಕ್ಷರ ಹೆಕ್ಕುವ ವಿದ್ಯೆ ಇನ್ನೂ ಯಾರಿಗೂ ಬಂದಿಲ್ಲ.

ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯಿಡೀ ಫ್ರಿಜ್ಜಿನ ಐಸಿನ ಖಾನೆಯಲ್ಲಿಟ್ಟರೆ ಸರಿಯಾಗುತ್ತದೆ ಎಂಬ ನಂಬಿಕೆಯೊಂದು ಇನ್ನೂ ಬದುಕಿದೆ. ಹಳೆಯ ಕೆಲವು ಡಿಸ್ಕುಗಳಲ್ಲಿ ಇದು ಫಲಿಸಿದ್ದೂ ಉಂಟೆನ್ನುತ್ತಾರೆ. ಆದರೆ ಆಷಾಢದ ಚಾರ್ಮಾಡಿಯಲ್ಲಿ ಫ್ರಿಜ್ಜಿನಿಂದ ತೆಗೆದ ತಣ್ಣೀರಿನ ಬಾಟಲಿಯ ಮೈಮೇಲೆ ನೀರು ಎಷ್ಟು ಬೇಗ ಇಳಿಯುತ್ತದೆ ಎಂದು ನೋಡಿದವರು, ಡಿಸ್ಕಿನ ತಟ್ಟೆಯ ಮೇಲೆ ಏನಾದೀತೆಂದು ಊಹಿಸಬಹುದು.

ನೆರೆಯಲ್ಲಿ ಮುಳುಗಿದ ಡಿಸ್ಕಿನ ವಿಷಯ ಇನ್ನೂ ವಿಚಿತ್ರ. ಒಣಗಿಸಬೇಕೆಂಬುದು ಎಲ್ಲರಿಗೂ ಹೊಳೆಯುವ ಉಪಾಯ: ಬಿಸಿಲಿಗಿಡುವುದು, ಅಕ್ಕಿಯಲ್ಲಿ ಹೂಳುವುದು, ಬಚ್ಚಲ ಒಲೆಯ ಬಳಿ ಇಡುವುದು. ಬಲ್ಲವರು ಹೇಳುವುದು ಇದಕ್ಕೆ ತದ್ವಿರುದ್ಧ. ಕೆಸರು ನೀರು ಒಣಗಿದರೆ ಮಣ್ಣು, ಲವಣ ತಟ್ಟೆಗೆ ಕಚ್ಚಿಕೊಳ್ಳುತ್ತವೆ. ಆದ್ದರಿಂದ ಒದ್ದೆಯಿದ್ದಂತೆಯೇ ಚೀಲದಲ್ಲಿ ಬಿಗಿದು, ವಿದ್ಯುತ್ ಮುಟ್ಟಿಸದೆ, ಶುದ್ಧಕೋಣೆ ಇರುವವರಿಗೆ ತಲುಪಿಸಬೇಕು. ಅದಕ್ಕೆ ಹತ್ತಾರು ಸಾವಿರ ರೂಪಾಯಿ ಬೀಳುತ್ತದೆ. ಎಲ್ಲ ಮನೆಗೂ ಅದು ಆಗುವ ಮಾತಲ್ಲ.

ಆಕಾಶದಿಂದ ಬಿದ್ದ ಡಿಸ್ಕ್

ಕೆಟ್ಟ ಡಿಸ್ಕ್ ಎಷ್ಟರ ಮಟ್ಟಿಗೆ ಬದುಕಿರಬಲ್ಲದು ಎಂಬುದಕ್ಕೆ ದೊಡ್ಡ ಉದಾಹರಣೆಯೊಂದಿದೆ. 2003ರ ಫೆಬ್ರುವರಿ 1ರಂದು ಅಮೆರಿಕದ ಕೊಲಂಬಿಯಾ ಬಾಹ್ಯಾಕಾಶ ನೌಕೆ ನೆಲಕ್ಕೆ ಮರಳುವಾಗ ಆಕಾಶದಲ್ಲೇ ಒಡೆದು, ನಮ್ಮ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಸತ್ತರು. ಆ ನೌಕೆಯಲ್ಲಿ ಕ್ಸೆನಾನ್ ಅನಿಲದ ಸ್ನಿಗ್ಧತೆಯ ಮೇಲೆ ಒಂದು ಪ್ರಯೋಗ ನಡೆದಿತ್ತು. ಅದರ ಅಂಕಿಗಳಲ್ಲಿ ಕೆಲವು ರೇಡಿಯೋ ಮೂಲಕ ಭೂಮಿಗೆ ಬಂದಿದ್ದವು, ಉಳಿದವು ನೌಕೆಯೊಳಗಿನ 340 ಮೆಗಾಬೈಟಿನ ಡಿಸ್ಕಿನಲ್ಲೇ ಇದ್ದವು. ಸುಮಾರು ಆರು ತಿಂಗಳ ಬಳಿಕ ಒಣಗಿದ ಕೆರೆಯಂಗಳವೊಂದರಲ್ಲಿ ಆ ಡಿಸ್ಕ್ ಸಿಕ್ಕಿತು. ಹೊರಗಿನ ಪ್ಲಾಸ್ಟಿಕ್ ಕರಗಿತ್ತು, ವಿದ್ಯುತ್ ಫಲಕ ಸುಟ್ಟಿತ್ತು, ಧೂಳು ತಡೆಯುವ ಅಂಟು ಹೋಗಿ ಒಳಕ್ಕೆಲ್ಲ ಮಣ್ಣು ಸೇರಿತ್ತು. ಅಮೆರಿಕದ ಕ್ರೋಲ್ ಆನ್‌ಟ್ರ್ಯಾಕ್ ಸಂಸ್ಥೆಯ ತಂತ್ರಜ್ಞರು ತಟ್ಟೆಗಳನ್ನು ತೊಳೆದು, ಬೇರೆ ಡಿಸ್ಕಿನ ಮೈಗೆ ಕೂರಿಸಿ ಓದಿದರು. ಶೇಕಡ 99ರಷ್ಟು ಸಿಕ್ಕಿತು. ಪ್ರಯೋಗದ ಫಲಿತಾಂಶ 2008ರಲ್ಲಿ ಭೌತವಿಜ್ಞಾನದ ಪತ್ರಿಕೆಯಲ್ಲಿ ಅಚ್ಚಾಯಿತು.

ಇದರಲ್ಲಿ ಅದೃಷ್ಟದ ಪಾಲೂ ಇತ್ತು. ಡಿಸ್ಕ್ ಅರ್ಧದಷ್ಟು ಮಾತ್ರ ತುಂಬಿತ್ತು, ಪೆಟ್ಟು ಬಿದ್ದದ್ದು ಖಾಲಿ ಭಾಗಕ್ಕೆ. ಅದು ಹಳೆಯ ಡಾಸ್ ವ್ಯವಸ್ಥೆಯಲ್ಲಿ ನಡೆಯುತ್ತಿದ್ದ ಯಂತ್ರವಾದ್ದರಿಂದ ಅಂಕಿಗಳು ತಟ್ಟೆಯಿಡೀ ಚದರದೆ ಒಂದೇ ಕಡೆ ಸಾಲಾಗಿ ಇದ್ದವು. ಅದೇ ನೌಕೆಯಿಂದ ಬಿದ್ದ ಇನ್ನೆರಡು ಡಿಸ್ಕುಗಳಿಂದ ಏನೂ ಸಿಗಲಿಲ್ಲ.

ಅಜ್ಜನ ಡಿಸ್ಕಿನ ಲೆಕ್ಕ ನೋಡಿದರೆ ಅದೃಷ್ಟ ಇನ್ನೂ ಚೆನ್ನಾಗಿದೆ. ಎರಡು ಪ್ರಸಂಗ, ವಂಶಾವಳಿ, ಕಟ್ಟುಕಟ್ಟಳೆ ಎಲ್ಲ ಸೇರಿ ಇನ್ನೂರು ಪುಟವಾದೀತು. ಪುಟಕ್ಕೆ ಎರಡು ಸಾವಿರ ಬೈಟ್ ಹಿಡಿದರೆ ನಾಲ್ಕು ಲಕ್ಷ. 40 ಗಿಗಾಬೈಟಿನಲ್ಲಿ ಇದು ಲಕ್ಷಕ್ಕೆ ಒಂದು ಪಾಲು. ಡಿಸ್ಕಿನಲ್ಲಿ ಅಲ್ಲಲ್ಲಿ ಹುಳುಕು ಬಿದ್ದಿದ್ದರೂ ಅದು ಸರಿಯಾಗಿ ಈ ಲಕ್ಷದ ಒಂದು ಪಾಲಿಗೇ ಬಿದ್ದಿರುವ ಸಂಭವ ಕಡಿಮೆ.

ಗೆದ್ದಲು ತಿಂದ ರಿಜಿಸ್ಟರು

ಡಿಸ್ಕ್ ತಿರುಗಿತು, ಟಕ್ ಟಕ್ ಇಲ್ಲ. ಆದರೂ ಕಂಪ್ಯೂಟರ್ 'ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೆ?' ಎಂದು ಕೇಳುತ್ತದೆ. ಇಲ್ಲಿ 'ಹೂಂ' ಎನ್ನುವುದಕ್ಕಿಂತ ದೊಡ್ಡ ತಪ್ಪಿಲ್ಲ.

ಶಾಲೆಯ ಗ್ರಂಥಾಲಯವನ್ನು ಕಣ್ಣಮುಂದೆ ತಂದುಕೊಳ್ಳಿ. ಕಪಾಟುಗಳಲ್ಲಿ ಪುಸ್ತಕಗಳಿವೆ, ಯಾವ ಪುಸ್ತಕ ಯಾವ ಖಾನೆಯಲ್ಲಿ ಎಂಬ ರಿಜಿಸ್ಟರು ಮೇಜಿನ ಮೇಲಿದೆ. ರಿಜಿಸ್ಟರನ್ನು ಗೆದ್ದಲು ತಿಂದರೆ ಪುಸ್ತಕಗಳು ಮಾಯವಾಗುವುದಿಲ್ಲ, ಹುಡುಕುವುದು ಕಷ್ಟವಾಗುತ್ತದೆ, ಅಷ್ಟೆ. ಅಜ್ಜನ ಕಾಲದ ವಿಂಡೋಸಿನಲ್ಲಿ ಈ ರಿಜಿಸ್ಟರಿಗೆ ಫ್ಯಾಟ್ ಎಂದು ಹೆಸರು. ಒಂದು ಹಾಳಾದರೆ ಇನ್ನೊಂದಿರಲಿ ಎಂದು ಅದರ ಎರಡು ಪ್ರತಿಗಳನ್ನು ಇಟ್ಟಿರುತ್ತಾರೆ. ಇದಕ್ಕೂ ಮೊದಲು, ಡಿಸ್ಕಿನ ಮೊಟ್ಟಮೊದಲ 512 ಬೈಟುಗಳಲ್ಲಿ, ಇಡೀ ಡಿಸ್ಕಿನ ಸರಹದ್ದು ಎಲ್ಲಿಂದ ಎಲ್ಲಿಗೆ ಎಂಬ ಪಟ್ಟಿ ಇರುತ್ತದೆ. ಪಹಣಿ ಪತ್ರ ಇದ್ದ ಹಾಗೆ. ಆ 512 ಬೈಟು ಕೆಟ್ಟರೆ ಉಳಿದ ನಾಲ್ಕು ಸಾವಿರ ಕೋಟಿ ಬೈಟು ಸರಿಯಾಗಿದ್ದರೂ ಯಂತ್ರಕ್ಕೆ ಡಿಸ್ಕ್ ಖಾಲಿ ಕಾಣಿಸುತ್ತದೆ.

ನಾವು ಒಂದು ಕಡತವನ್ನು ಅಳಿಸಿದಾಗಲೂ ಆಗುವುದು ಇದೇ. ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಬರೆದು, ಆ ಖಾನೆಗಳು ಖಾಲಿ ಎಂದು ರಿಜಿಸ್ಟರಿನಲ್ಲಿ ನಮೂದಿಸಲಾಗುತ್ತದೆ. ಬರಹ ಅಲ್ಲೇ ಇರುತ್ತದೆ, ಅದರ ಮೇಲೆ ಹೊಸದು ಬರೆಯುವ ತನಕ. 'ಫಾರ್ಮ್ಯಾಟ್ ಹೊಡೆದು' ವಿಂಡೋಸನ್ನು ಹೊಸದಾಗಿ ಹಾಕಿದರೆ ಕಂಪ್ಯೂಟರ್ ಸರಿಯಾಗುತ್ತದೆ ನಿಜ. ಆದರೆ ಹೊಸ ವಿಂಡೋಸು ಅಜ್ಜನ ಪ್ರಸಂಗದ ಮೇಲೆ ಕುಳಿತಿರುತ್ತದೆ.

ಕಂಪ್ಯೂಟರಿನ ಜೊತೆಗೇ ಬರುವ ಡಿಸ್ಕ್ ತಪಾಸಣೆಯ ತಂತ್ರಾಂಶದ ಮೇಲೂ ಜನರಿಗೆ ಅತಿ ವಿಶ್ವಾಸ. ಅದರ ಗುರಿ ರಿಜಿಸ್ಟರಿನ ಲೆಕ್ಕ ತಾಳೆಯಾಗುವಂತೆ ಮಾಡುವುದು, ನಿಮ್ಮ ಬರಹವನ್ನು ಉಳಿಸುವುದಲ್ಲ. ತಾಳೆಯಾಗದ ತುಂಡುಗಳನ್ನು ಅದು ಕತ್ತರಿಸಿ, ನಂಬರು ಕೊಟ್ಟು, ಮೂಲೆಗೆ ಹಾಕುತ್ತದೆ. ಅದೂ ಕೆಟ್ಟ ಡಿಸ್ಕಿನ ಮೇಲೆಯೇ ಬರೆಯುತ್ತ. ಆಡಿಟರು ಬಂದು ಲೆಕ್ಕ ಸರಿಮಾಡಿ ಹೋದ ಮೇಲೆ ತಿಜೋರಿ ಖಾಲಿಯಾದ ಕಥೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಡಿಸ್ಕನ್ನು ರಿಪೇರಿ ಮಾಡದೆ, ಅದರೊಳಗೆ ಏನಿದೆ ಎಂದೂ ನೋಡದೆ, ಮೊದಲ ಬೈಟಿನಿಂದ ಕೊನೆಯ ಬೈಟಿನ ತನಕ ಯಥಾವತ್ತಾಗಿ ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಬೇಕು. ಮುಂದಿನ ಪ್ರಯೋಗಗಳೆಲ್ಲ ಆ ಪ್ರತಿಯ ಮೇಲೆ. ಇದಕ್ಕಾಗಿಯೇ ಗ್ನೂ ಯೋಜನೆಯ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಅದರ ನಡೆ ಜಾಣ ಹುಡುಗ ಪರೀಕ್ಷೆ ಬರೆದಂತೆ. ಸುಲಭದ ಪ್ರಶ್ನೆಗಳನ್ನು ಮೊದಲು ಮುಗಿಸುತ್ತದೆ, ಅಂದರೆ ಆರೋಗ್ಯವಾದ ಭಾಗವನ್ನು ಬೇಗಬೇಗ ಓದಿ ಮುಗಿಸಿ, ಹುಳುಕಿನ ಜಾಗಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ಕೊನೆಗೆ ತಿರುಗಿ ಬಂದು ಅವನ್ನು ಅಂಚಿನಿಂದ ಸ್ವಲ್ಪ ಸ್ವಲ್ಪವೇ ಕೆದಕುತ್ತದೆ. ಎಲ್ಲಿಯ ತನಕ ಓದಾಯಿತು ಎಂದು ಒಂದು ನಕ್ಷೆಯನ್ನೂ ಬರೆದಿಡುತ್ತದೆ. ನಡುವೆ ಕರೆಂಟು ಹೋದರೆ, ಬಂದ ಮೇಲೆ ಬಿಟ್ಟಲ್ಲಿಂದ ಮುಂದುವರಿಸಬಹುದು. ಚಾರ್ಮಾಡಿಯವರಿಗಾಗಿಯೇ ಮಾಡಿದಂತಿದೆ! ಸೆಕೆಂಡಿಗೆ 20 ಮೆಗಾಬೈಟಿನಂತೆ ಓದಿದರೂ 40 ಗಿಗಾಬೈಟಿಗೆ ಅರ್ಧ ಗಂಟೆಯ ಮೇಲೆ ಸ್ವಲ್ಪ. ಹುಳುಕು ಜಾಸ್ತಿ ಇದ್ದರೆ ಮಾತ್ರ ದಿನಗಟ್ಟಲೆ ಹಿಡಿಯಬಹುದು.

ಪ್ರತಿ ಕೈಗೆ ಬಂದ ಮೇಲೆ ಅವಸರವಿಲ್ಲ. ಸರಹದ್ದಿನ ಪಟ್ಟಿ ಮಾತ್ರ ಕೆಟ್ಟಿದ್ದರೆ ಟೆಸ್ಟ್‌ಡಿಸ್ಕ್ ಎಂಬ ಇನ್ನೊಂದು ಉಚಿತ ತಂತ್ರಾಂಶ ಅದನ್ನು ಹುಡುಕಿ ಮತ್ತೆ ಕಟ್ಟಿಕೊಡುತ್ತದೆ. ಹೆಸರು, ಫೋಲ್ಡರು ಸಮೇತ ಎಲ್ಲವೂ ಮರಳುತ್ತದೆ. ರಿಜಿಸ್ಟರಿನ ಎರಡು ಪ್ರತಿಯೂ ಹೋಗಿದ್ದರೆ ಫೋಟೋರೆಕ್ ಎಂಬ ಅದರ ಜೋಡಿ ಇದೆ. ಹೆಸರು ಫೋಟೋ ಎಂದಿದ್ದರೂ ಅದು ನೂರಾರು ಬಗೆಯ ಕಡತ ಹುಡುಕಬಲ್ಲದು. ರಿಜಿಸ್ಟರಿನ ಗೊಡವೆಗೆ ಹೋಗದೆ ಕಪಾಟಿನ ಒಂದೊಂದೇ ಖಾನೆಗೆ ಕೈಹಾಕಿ, 'ಇಲ್ಲಿ ಮುಖಪುಟ ಇದೆಯೇ' ಎಂದು ನೋಡುತ್ತದೆ. ಪ್ರತಿ ಜಾತಿಯ ಕಡತಕ್ಕೂ ಅದರದ್ದೇ ಆರಂಭದ ಗುರುತು ಇರುತ್ತದೆ. ಹಳೆಯ ವರ್ಡ್ ಕಡತದ ಮೊದಲ ಬೈಟುಗಳನ್ನು ಹದಿನಾರರ ಎಣಿಕೆಯಲ್ಲಿ ಬರೆದರೆ ಡಿ0, ಸಿಎಫ್, 11, ಇ0. ಇಂಗ್ಲಿಷಿನಲ್ಲಿ ಒತ್ತೊತ್ತಾಗಿ ಬರೆದು ನೋಡಿದರೆ ಡಾಕ್‌ಫೈಲ್ ಎಂದು ಓದಿಕೊಳ್ಳುವಂತೆ ಮಾಡಿದವರು ಯಾರೋ ತಮಾಷೆಯ ಮನುಷ್ಯ.

ಈ ವಿಧಾನದಲ್ಲಿ ಕಡತ ಬರುತ್ತದೆ, ಹೆಸರು ಬರುವುದಿಲ್ಲ. ಒಂದು ಕಡತ ತುಂಡು ತುಂಡಾಗಿ ಬೇರೆ ಬೇರೆ ಕಡೆ ಇದ್ದರೆ ಬರುವುದು ಮೊದಲ ತುಂಡು ಮಾತ್ರ. ಅಜ್ಜನ ಸಣ್ಣ ಸಣ್ಣ ಕಡತಗಳಿಗೆ ಈ ಅಪಾಯ ಕಡಿಮೆ. ಆದರೆ ನಂಬರು ಮಾತ್ರ ಹೊತ್ತ ಸಾವಿರಾರು ಕಡತಗಳ ರಾಶಿ ಮುಂದೆ ಬಿದ್ದಾಗ, ಯಾವುದು ಪ್ರಸಂಗ, ಯಾವುದು ಹಾಲಿನ ಸೊಸೈಟಿಯ ಅರ್ಜಿ ಎಂದು ತಂತ್ರಜ್ಞ ಹೇಳಲಾರ. ಒಂದೊಂದನ್ನೇ ತೆರೆದು ನೋಡಲು ಮನೆಯವರೇ ಕೂರಬೇಕು.

ಬಂದ ಮೇಲೂ ಬಾರದ ಅಕ್ಷರ

ಹೀಗೆ ಕುಳಿತು ಮೊಮ್ಮಗಳು ಮೊದಲ ಕಡತ ತೆರೆದಾಗ ಕಾಣುವುದೇನು? ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಸಕಾರ, ಸಣ್ಣ ಕ್ಯೂ, ಪುನಃ ಗೆರೆಯ ಎ. ಪುಟಗಟ್ಟಲೆ ಹೀಗೆಯೇ. ಕಡತ ಕೆಟ್ಟಿದೆ ಎಂದು ಅಳಿಸಿಬಿಡುವವರು ಇಲ್ಲಿಯೇ ಅಳಿಸುವುದು. ಇಷ್ಟು ಕಷ್ಟಪಟ್ಟು ದಡಕ್ಕೆ ತಂದು ಮತ್ತೆ ಹೊಳೆಗೆ ಬಿಟ್ಟ ಹಾಗೆ. ಏಕೆಂದರೆ ಮೇಲೆ ಹೇಳಿದ ಏಳು ಚಿಹ್ನೆಗಳು 'ಕನ್ನಡ' ಎಂಬ ಪದ! ಒಂದಕ್ಷರವೂ ಕೆಟ್ಟಿಲ್ಲ.

ಇದು ಕನ್ನಡದ, ಹಾಗೆಯೇ ಭಾರತದ ಇತರ ಭಾಷೆಗಳ ಪಾಡು. ಇಂಗ್ಲಿಷಿನವರು ಡಿಸ್ಕ್ ಗೆದ್ದರೆ ಬರಹವನ್ನೂ ಗೆದ್ದಂತೆ. ನಮಗೆ ಅಲ್ಲಿಗೆ ಅರ್ಧ ದಾರಿ. ಆಗಿನ ವ್ಯವಸ್ಥೆಯಲ್ಲಿ ಒಂದು ಫಾಂಟಿಗೆ ಇದ್ದದ್ದು 256 ಮನೆಗಳು, ಅದರಲ್ಲೂ ಎಲ್ಲವೂ ಬಳಕೆಗೆ ಸಿಗುತ್ತಿರಲಿಲ್ಲ. ನಮ್ಮ ಕಾಗುಣಿತ, ಒತ್ತಕ್ಷರಗಳೆಲ್ಲ ಅದರೊಳಗೆ ಹಿಡಿಸುವುದು ಹೇಗೆ? ಅದಕ್ಕಾಗಿ ಅಕ್ಷರಗಳನ್ನು ತುಂಡು ಮಾಡಿದರು. ತಲೆಕಟ್ಟಿಲ್ಲದ ಕ ಒಂದು ಮನೆಯಲ್ಲಿ, ತಲೆಕಟ್ಟು ಇನ್ನೊಂದು ಮನೆಯಲ್ಲಿ, ನಕಾರದ ಒತ್ತು ಮತ್ತೊಂದರಲ್ಲಿ. ಕಂಪ್ಯೂಟರಿನ ಮಟ್ಟಿಗೆ ಅವೆಲ್ಲ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳೇ. ಕನ್ನಡದ ವೇಷ ತೊಡಿಸುವುದು ಫಾಂಟು. ಚೌಕಿಯಲ್ಲಿ ವೇಷ ಬಿಚ್ಚಿದ ಮೇಲೆ ರಾವಣ ಯಾರು, ಸೀತೆ ಯಾರು? ಫಾಂಟು ಇಲ್ಲದ ಹೊಸ ಕಂಪ್ಯೂಟರಿನಲ್ಲಿ ಆಗುವುದು ಅದೇ.

ಆ ಉಪಾಯ ಮಾಡಿದವರನ್ನು ದೂರುವಂತಿಲ್ಲ. ಅದಿಲ್ಲದಿದ್ದರೆ ಅಜ್ಜನ ಎರಡು ಬೆರಳಿಗೆ ಕೆಲಸವೇ ಇರುತ್ತಿರಲಿಲ್ಲ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಉಚ್ಚಾರಣೆಗೆ ಒಪ್ಪುವ ಸರಳ ಕೀಲಿಮಣೆಯನ್ನು ರೂಪಿಸಿ, ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ 'ಸೇಡಿಯಾಪು' ಎಂಬ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಕೆ. ಪಿ. ರಾವ್ ಕೀಲಿಮಣೆಯ ವಿನ್ಯಾಸವನ್ನೇ ಅನುಸರಿಸಿತು. ಯುನಿಕೋಡ್ ಎಂಬ ಜಾಗತಿಕ ಅಕ್ಷರ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಸ್ಥಾನ ಸಿಕ್ಕಿತ್ತು. ಆದರೆ ಜನ ಬಳಸುತ್ತಿದ್ದ ವಿಂಡೋಸಿನಲ್ಲಿ ಅದು 2001ರ ಎಕ್ಸ್‌ಪಿಯ ತನಕ ಕೂಡಿಬರಲಿಲ್ಲ. ನಡುವಿನ ವರ್ಷಗಳಲ್ಲಿ ಪ್ರತಿ ಕಂಪೆನಿಯೂ ಅಕ್ಷರದ ತುಂಡುಗಳನ್ನು ತನಗೆ ಬೇಕಾದ ಮನೆಗಳಲ್ಲಿ ಕೂರಿಸಿತು. ಶ್ರೀಲಿಪಿಯ ಬೀಗಕ್ಕೆ ನುಡಿಯ ಕೀಲಿಕೈ ಆಗದು, ಆಕೃತಿಯದು ಮತ್ತೊಂದು.

ಆದ್ದರಿಂದ ಮೊದಲು ತಿಳಿಯಬೇಕಾದದ್ದು ಅಜ್ಜ ಬಳಸಿದ ಫಾಂಟಿನ ಹೆಸರು. ವರ್ಡ್ ಕಡತವಾದರೆ ಆ ಹೆಸರು ಅದರೊಳಗೇ ಇರುತ್ತದೆ. ಬರಿಯ ಪಠ್ಯದ ಕಡತವಾದರೆ ಇರುವುದಿಲ್ಲ, ಊಹೆ ಮಾಡಿ ನೋಡಬೇಕು. ನುಡಿ ಅಥವಾ ಬರಹದ್ದಾದರೆ ಕೆಲಸ ಸುಲಭ. ಅವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಹಳೆಯ ಮುದ್ರಣಾಲಯಗಳ ಪೇಜ್‌ಮೇಕರ್ ಕಡತಗಳಾದರೆ ಕಷ್ಟ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ತೊಂಬತ್ತರ ದಶಕದಲ್ಲಿ ಊರೂರಲ್ಲಿ ಅಚ್ಚಾದ ಸ್ಮರಣಸಂಚಿಕೆಗಳು ಎಷ್ಟೋ ಅದರಲ್ಲೇ ಸಿಕ್ಕಿಕೊಂಡಿವೆ. ಅವನ್ನು ತೆರೆಯುವುದಕ್ಕಾಗಿ ಹಳೆಯ ವಿಂಡೋಸು, ಹಳೆಯ ಪೇಜ್‌ಮೇಕರು ಎರಡನ್ನೂ ಜೋಪಾನ ಮಾಡಿಟ್ಟ ಡಿಟಿಪಿಯವರನ್ನು ಹುಡುಕಿಕೊಂಡು ಹೋಗಬೇಕು.

ಪರಿವರ್ತಕವೂ ಸರ್ವಜ್ಞನಲ್ಲ. 'ಧರ್ಮಸ್ಥಳ' ಎಂದು ಬರೆದಾಗ ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಮಕಾರದ ನಂತರ ಬರುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯುನಿಕೋಡಿನಲ್ಲಿ ರಕಾರ ಮೊದಲು, ಮಕಾರ ಆಮೇಲೆ, ನಾವು ಉಚ್ಚರಿಸುವ ಕ್ರಮದಲ್ಲಿ. ಈ ಸ್ಥಾನಪಲ್ಲಟ ತಪ್ಪಿದಲ್ಲಿ ಪದ ಕೆಡುತ್ತದೆ. ಕನ್ನಡದ ನಡುವೆ ಇಂಗ್ಲಿಷ್ ಪದವೋ ಇಸವಿಯೋ ಇದ್ದರೆ ಅದನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳ ಸರ ಪೋಣಿಸಿಬಿಡುತ್ತದೆ. ಪ್ರಸಂಗದಲ್ಲಿ ಇದು ಎದ್ದು ಕಾಣದು, ವಂಶಾವಳಿಯ ಇಸವಿಗಳಲ್ಲಿ ಗೊಂದಲವಾದೀತು.

ಇದೇ ಸೀಮೆಯಲ್ಲಿ, ಇಲ್ಲಿಂದ ಐವತ್ತು ಅರವತ್ತು ಕಿಲೋಮೀಟರಿನ ಆಚೆ ಮೂಡುಬಿದಿರೆಯಲ್ಲಿ, ಇದೇ ಬಗೆಯ ಕೆಲಸ ನೂರು ವರ್ಷಗಳಿಗಿಂತ ಹಿಂದೆ ಒಮ್ಮೆ ನಡೆದಿತ್ತು. ವೀರಸೇನಾಚಾರ್ಯರು ಕ್ರಿ. ಶ. 816ರಲ್ಲಿ ಮುಗಿಸಿದ 'ಧವಲಾ' ಟೀಕೆಯ ಪ್ರಾಚೀನ ತಾಳೆಗರಿ ಪ್ರತಿಗಳು ಅಲ್ಲಿಯ ಗುರು ಬಸದಿಯಲ್ಲಿ ಉಳಿದಿದ್ದವು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಶತಮಾನಗಳ ಕಾಲ ಅವು ಭಕ್ತರ ದರ್ಶನಕ್ಕೆ ಮಾತ್ರ ಹೊರಬರುತ್ತಿದ್ದವು. ಗರಿಗಳು ಶಿಥಿಲವಾಗುತ್ತಿವೆ ಎಂದು ತಿಳಿದ ಮೇಲೆ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಅವನ್ನು ಹೊಸಗನ್ನಡ ಮತ್ತು ದೇವನಾಗರಿ ಲಿಪಿಗೆ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಅದಕ್ಕೆ ವರ್ಷಗಳೇ ಹಿಡಿದವು. ಮೊದಲ ಸಂಪುಟ ಅಚ್ಚಾಗಿ ಹೊರಬಂದದ್ದು 1939ರಲ್ಲಿ. ಲಿಪಿ ಓದಬಲ್ಲವರಿಗೆಲ್ಲ ಆ ಭಾಷೆ ಬರುತ್ತಿರಲಿಲ್ಲ, ಭಾಷೆ ಬಲ್ಲ ಉತ್ತರದ ಪಂಡಿತರಿಗೆ ಲಿಪಿ ಬರುತ್ತಿರಲಿಲ್ಲ. ಗರಿ ಉಳಿಸುವುದು ಒಂದು ಕೆಲಸ, ಲಿಪಿ ದಾಟಿಸುವುದು ಇನ್ನೊಂದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಗಣಕದ ಲಿಪಿ ಹಳತಾಗಲು ಸಾವಿರ ವರ್ಷ ಬೇಕಾಗಲಿಲ್ಲ, ಹದಿನೈದು ಇಪ್ಪತ್ತು ವರ್ಷ ಸಾಕಾಯಿತು.

ಅಜ್ಜನ ಪ್ರಸಂಗ ಈಗ ಪರದೆಯ ಮೇಲೆ ಕನ್ನಡವಾಗಿಯೇ ನಿಂತಿದೆ ಎಂದುಕೊಳ್ಳೋಣ. ಒಂದು ಪ್ರಶ್ನೆ ಉಳಿಯುತ್ತದೆ. ಅದೇ ಪ್ರಸಂಗದ ಮೂರು ಕಡತಗಳು ಸಿಕ್ಕಿವೆ. ಒಂದರಲ್ಲಿ ಯುದ್ಧದ ಸನ್ನಿವೇಶ ಉದ್ದವಾಗಿದೆ, ಇನ್ನೊಂದರಲ್ಲಿ ಮಂಗಳ ಪದ್ಯವೇ ಇಲ್ಲ, ಮೂರನೆಯದರಲ್ಲಿ ನಾಯಕಿಯ ಹೆಸರೇ ಬೇರೆ. ಅಜ್ಜ ಕೊನೆಗೆ ಒಪ್ಪಿದ್ದು ಯಾವುದು? ಕಡತದ ತಾರೀಕು ನೋಡಿದರೆ ತಿಳಿಯಬೇಕಿತ್ತು. ಆದರೆ ಆ ನಾಣ್ಯದಂಥ ಬಿಲ್ಲೆ ಅಜ್ಜನ ಕಾಲದಲ್ಲೇ ಸತ್ತಿದ್ದರೆ, ಸ್ವಿಚ್ಚು ಹಾಕಿದಾಗಲೆಲ್ಲ ಯಂತ್ರದ ಗಡಿಯಾರ ಮೊದಲಿನಿಂದ ಶುರುವಾಗಿರುತ್ತದೆ. ಡಾಸಿನ ಪಂಚಾಂಗ ಆರಂಭವಾಗುವುದು 1980ರ ಜನವರಿ 1ರಿಂದ. ಮೂರು ಕಡತಗಳ ಮೇಲೂ ಅದೇ ದಿನದ ಮೊಹರು ಬಿದ್ದಿರಬಹುದು. ಇನ್ನು ಮೂರನ್ನೂ ಕಾಗದದ ಮೇಲೆ ಮುದ್ರಿಸಿಕೊಂಡು, ಅಜ್ಜನ ಜೊತೆ ತಾಳಮದ್ದಳೆಯಲ್ಲಿ ಕುಳಿತಿದ್ದ ಹಿರಿಯ ಭಾಗವತರ ಮನೆಗೇ ಹೋಗಬೇಕು. ಅವರು ಕನ್ನಡಕ ಏರಿಸಿ, ಪದ್ಯಗಳನ್ನು ಮೆಲ್ಲಗೆ ಗುನುಗಿ ನೋಡಿ, 'ಇದು ಮೊದಲಿನದ್ದು, ಇದು ಆಮೇಲೆ ತಿದ್ದಿದ್ದು' ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಡಬೇಕು.